ತೆರಪಿನ ಓದು: ಅಭಿವೃದ್ಧಿಶಾಸ್ತ್ರ ಅಂಚೆಯಲ್ಲಿ ಬಂದ ದಾರಿ

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ವೈ ಎಂಬ ಸಣ್ಣ ಊರಿದೆ. ಅಲ್ಲೊಂದು ಕೃಷಿ ಕಾಲೇಜಿತ್ತು, ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1988ರಲ್ಲಿ ಈ ಕಾಲೇಜು ಕೃಷಿ ಅಭಿವೃದ್ಧಿಯ ಸ್ನಾತಕೋತ್ತರ ಪಾಠಗಳನ್ನು ಅಚ್ಚುಹಾಕಿಸಿ, ಕಟ್ಟುಕಟ್ಟಿ, ದೂರದ ದೇಶಗಳಿಗೆ ಅಂಚೆಯಲ್ಲಿ ಕಳಿಸತೊಡಗಿತು. ಓದುವವರು ಕೆಲಸ ಬಿಡಬೇಕಾಗಿರಲಿಲ್ಲ, ಊರು ಬಿಡಬೇಕಾಗಿರಲಿಲ್ಲ. ಇವತ್ತು ಪುಣೆಯಲ್ಲೋ ಚೆನ್ನೈಯಲ್ಲೋ ಆಫೀಸು ಮುಗಿಸಿ ಬಂದವರೊಬ್ಬರು ರಾತ್ರಿ ಲ್ಯಾಪ್‌ಟಾಪ್ ತೆರೆದು ಅಂತರರಾಷ್ಟ್ರೀಯ ಅಭಿವೃದ್ಧಿಯ ಎಂ.ಎ. ಪಾಠ ಓದುವುದು ಸಾಧ್ಯವಾಗಿದ್ದರೆ, ಅದರ ಹಿಂದೆ ಇಂಥ ಅಂಚೆಕಟ್ಟುಗಳಿವೆ. ಆ ಕಟ್ಟುಗಳ ಹಿಂದೆ ಇನ್ನೂ ನೂರ ಮೂವತ್ತು ವರ್ಷಗಳ ಕಥೆಯಿದೆ.

ಕಥೆಯ ಮೊದಲ ತಿರುವು 1858ರದು. ಲಂಡನ್ ವಿಶ್ವವಿದ್ಯಾಲಯ 1836ರಲ್ಲಿ ಹುಟ್ಟಿದ್ದೇ ಪಾಠ ಹೇಳುವುದಕ್ಕಲ್ಲ, ಪರೀಕ್ಷೆ ನಡೆಸುವುದಕ್ಕೆ. ಪಾಠ ಕಾಲೇಜುಗಳ ಕೆಲಸವಾಗಿತ್ತು. 1858ರ ಹೊಸ ಸನ್ನದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕಾಲೇಜಿಗೆ ಹೋಗದವರೂ ಪರೀಕ್ಷೆಗೆ ಕೂರಬಹುದು. ಎಲ್ಲಿ ಓದಿದಿರಿ, ಯಾರ ಹತ್ತಿರ ಓದಿದಿರಿ ಎಂದು ಕೇಳುವವರಿಲ್ಲ. ಉತ್ತರಪತ್ರಿಕೆ ಚೆನ್ನಾಗಿದ್ದರೆ ಸಾಕು. 1865ರ ಹೊತ್ತಿಗೆ ಈ ಪರೀಕ್ಷೆ ಕಡಲು ದಾಟಿ ಮಾರಿಷಸ್ ತಲುಪಿತ್ತು. ಬ್ರಿಟನ್ನಿನಲ್ಲಿ ಅಗ್ಗದ ಏಕರೂಪ ಅಂಚೆ 1840ರಲ್ಲೇ ಬಂದಿತ್ತು. ಅದೇ ವರ್ಷ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸತೊಡಗಿದ್ದ. ಪರೀಕ್ಷೆ ಮತ್ತು ಅಂಚೆ ಎರಡೂ ಕೂಡಿದಾಗ ದೂರ ಶಿಕ್ಷಣದ ಅಸ್ಥಿಪಂಜರ ಸಿದ್ಧವಾಯಿತು.

ಈ ಲಂಡನ್ ಮಾದರಿ ನಮಗೆ ಹೊಸದಲ್ಲ. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಶುರುವಾದ ವಿಶ್ವವಿದ್ಯಾಲಯಗಳು ಇದೇ ಅಚ್ಚಿನವು. ಅವೂ ದಶಕಗಳ ಕಾಲ ಮುಖ್ಯವಾಗಿ ಪರೀಕ್ಷೆ ನಡೆಸುವ, ಪದವಿ ಕೊಡುವ ಸಂಸ್ಥೆಗಳು. ಧಾರವಾಡದ ಹುಡುಗರ ಪದವಿ ಮುಂಬಯಿಯಿಂದ ಬರುತ್ತಿತ್ತು, ಮೈಸೂರಿನವರದು ಮದರಾಸಿನಿಂದ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗುವವರೆಗೂ ಹಳೇ ಮೈಸೂರಿನ ಪದವೀಧರ ಎಂದರೆ ಮದರಾಸಿನ ಪದವೀಧರನೇ. ಪಾಠ ಒಂದೂರಿನದು, ಮುದ್ರೆ ಇನ್ನೊಂದೂರಿನದು ಎಂಬ ಏರ್ಪಾಡು ಕನ್ನಡಿಗರಿಗೆ ಆನ್‌ಲೈನ್ ಕಾಲಕ್ಕಿಂತ ಬಹಳ ಮುಂಚೆಯೇ ರೂಢಿಯಾಗಿತ್ತು.

ಬರೀ ಪರೀಕ್ಷೆ ತೆರೆದಿಟ್ಟರೆ ಓದು ಆಗುವುದಿಲ್ಲ ಎನ್ನುವುದು ದಕ್ಷಿಣ ಆಫ್ರಿಕದಲ್ಲಿ ಸ್ಪಷ್ಟವಾಯಿತು. ಅಲ್ಲಿನ ಕೇಪ್ ಆಫ್ ಗುಡ್ ಹೋಪ್ ವಿಶ್ವವಿದ್ಯಾಲಯ 1873ರಲ್ಲಿ ಲಂಡನ್ ಮಾದರಿಯ ಪರೀಕ್ಷಾಸಂಸ್ಥೆಯಾಗಿ ಹುಟ್ಟಿತು. ಮುಂದೆ ಅದೇ ಯೂನಿಸಾ, ಅಂದರೆ ದಕ್ಷಿಣ ಆಫ್ರಿಕ ವಿಶ್ವವಿದ್ಯಾಲಯವಾಯಿತು. 1946ರಲ್ಲಿ ಅದು ಅಂಚೆಯ ಮೂಲಕ ಪಾಠವನ್ನೂ ಹೇಳತೊಡಗಿತು. ನೆಲ್ಸನ್ ಮಂಡೇಲಾ ಬಿ.ಎ. ಮುಗಿಸಿದ್ದು ಯೂನಿಸಾ ಮೂಲಕ. ಸೆರೆಮನೆ ಸೇರಿದ ಮೇಲೆ ಅವರು ಲಂಡನ್ ವಿಶ್ವವಿದ್ಯಾಲಯದ ಕಾನೂನು ಪದವಿಗೆ ಓದುತ್ತಿದ್ದರು. ರಾಬೆನ್ ದ್ವೀಪದಲ್ಲಿ ಓದು ಹಕ್ಕಾಗಿರಲಿಲ್ಲ, ಅಧಿಕಾರಿಗಳು ಕೊಡುವ, ಕಿತ್ತುಕೊಳ್ಳುವ ಸವಲತ್ತಾಗಿತ್ತು. ಮಂಡೇಲಾ ವರ್ಷಗಟ್ಟಲೆ ಅದನ್ನು ಕಳೆದುಕೊಂಡಿದ್ದೂ ಉಂಟು. ಕೊನೆಗೆ ಎಲ್‌ಎಲ್.ಬಿ. ಪದವಿ ಯೂನಿಸಾದಿಂದ ಬಂದದ್ದು 1989ರಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಮುಂಚೆ. ಊರು ಬಿಡಲಾಗದವರ ಓದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗುವುದು ಕಷ್ಟ.

ಊರು ಬಿಟ್ಟು ಓದುವುದರ ಬೆಲೆ ಎಷ್ಟೆಂದು ತಿಳಿಯಲು ಬಿ.ಆರ್. ಅಂಬೇಡ್ಕರರ ವಿದ್ಯಾರ್ಥಿ ವರ್ಷಗಳನ್ನು ನೋಡಬಹುದು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅವರು ಅಲ್ಲಿಂದ ಲಂಡನ್ನಿಗೆ ಬಂದರು. ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ, ದುಡ್ಡು ಕೂಡಿಸಿ, 1920ರಲ್ಲಿ ಮತ್ತೆ ಹಡಗು ಹತ್ತಿದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಪ್ರಬಂಧಕ್ಕೆ ಲಂಡನ್ನಿನ ಡಿ.ಎಸ್ಸಿ. ಸಿಕ್ಕಿದ್ದು 1923ರಲ್ಲಿ. ಭಾರತದ ಹಣಕಾಸನ್ನು ಅಧ್ಯಯನ ಮಾಡಲು ಭಾರತವನ್ನೇ ಎರಡು ಸಲ ಬಿಟ್ಟುಹೋಗಬೇಕಾದ ಕಾಲ ಅದು.

ಅಭಿವೃದ್ಧಿ ಎಂಬ ಶಾಸ್ತ್ರ ಕಣ್ಣುಬಿಟ್ಟಾಗಲೂ ಪರಿಸ್ಥಿತಿ ಬದಲಾಗಲಿಲ್ಲ. ಅಮೆರಿಕದ ಅಧ್ಯಕ್ಷ ಟ್ರೂಮನ್ 1949ರ ಜನವರಿಯ ಭಾಷಣದಲ್ಲಿ ಹಿಂದುಳಿದ ದೇಶಗಳಿಗೆ ತಾಂತ್ರಿಕ ನೆರವು ಕೊಡುವ ಮಾತನ್ನು ನಾಲ್ಕನೆಯ ಅಂಶವಾಗಿ ಸೇರಿಸಿದ್ದನ್ನೇ ಈ ಶಾಸ್ತ್ರದ ಆರಂಭವೆಂದು ಪುಸ್ತಕಗಳು ಗುರುತಿಸುತ್ತವೆ. ಮೈಸೂರಿನವರಿಗೆ ಇದು ಪೂರ್ತಿ ಒಪ್ಪುವ ಮಾತಲ್ಲ. ಮೈಸೂರು ಆರ್ಥಿಕ ಸಮ್ಮೇಳನ 1911ರಲ್ಲೇ ಕೃಷಿ, ಕೈಗಾರಿಕೆ, ಶಿಕ್ಷಣಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕತೊಡಗಿತ್ತು. ಆದರೂ ಒಂದು ಪಠ್ಯವಿಷಯವಾಗಿ ಅಭಿವೃದ್ಧಿ ನೆಲೆಗೊಂಡದ್ದು ಎರಡನೇ ಮಹಾಯುದ್ಧದ ನಂತರವೇ. 1952ರಲ್ಲಿ ನೆದರ್ಲೆಂಡಿನ ಹೇಗ್‌ನಲ್ಲಿ ಸಾಮಾಜಿಕ ಅಧ್ಯಯನ ಸಂಸ್ಥೆ ತೆರೆಯಿತು. 1966ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಅಭಿವೃದ್ಧಿ ಅಧ್ಯಯನ ಸಂಸ್ಥೆ ಬಂತು.

ಅದೇ 1952ರ ಗಾಂಧಿ ಜಯಂತಿಯಂದು ಭಾರತದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕು, ಬಿ.ಡಿ.ಓ., ಗ್ರಾಮಸೇವಕ ಎಂಬ ಮಾತುಗಳು ಹಳ್ಳಿಯ ನಾಲಿಗೆಗೆ ಬಂದವು. ಬೀಜ, ಬಾವಿ, ಶಾಲೆ, ರಸ್ತೆಗಳ ಲೆಕ್ಕ ಬರೆಯುವವರು ಇಲ್ಲಿದ್ದರು; ಆ ಲೆಕ್ಕಕ್ಕೆ ಸಿದ್ಧಾಂತ ಕಟ್ಟುವ ತರಗತಿಗಳು ಅಲ್ಲಿದ್ದವು. ನಡುವೆ ವೀಸಾ, ವಿದ್ಯಾರ್ಥಿವೇತನ ಮತ್ತು ಇಲಾಖೆಯ ರಜೆ. ಮೇಲಧಿಕಾರಿಗೆ ರಜೆ ಸಿಗಬಹುದು, ಗ್ರಾಮಸೇವಕನಿಗೆ ಸಿಗುವಂತಿರಲಿಲ್ಲ. ಹೆಂಗಸರಿಗಂತೂ ಮನೆ ಬಿಟ್ಟು ಎರಡು ವರ್ಷ ಹೋಗುವ ಮಾತು ಇನ್ನೂ ದೂರ. ಹಳ್ಳಿಯನ್ನು ಹೆಚ್ಚು ಬಲ್ಲವರೇ ಹಳ್ಳಿಯ ಬಗ್ಗೆ ಪದವಿ ಪಡೆಯಲಾರರು ಎಂಬ ಸ್ಥಿತಿ.

ಭಾರತದಲ್ಲಿ ಅಂಚೆ ಪಾಠ ಬಂದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ. ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಸಮಿತಿ ಅದನ್ನು ಶಿಫಾರಸು ಮಾಡಿತ್ತು. ಆಗ ಕೇಂದ್ರದ ಶಿಕ್ಷಣ ಮಂತ್ರಿ ಕೆ.ಎಲ್. ಶ್ರೀಮಾಲಿ. ಇದೇ ಶ್ರೀಮಾಲಿ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1969ರಲ್ಲಿ ಮೈಸೂರಿನಲ್ಲೂ ಅಂಚೆ ಶಿಕ್ಷಣದ ಸಂಸ್ಥೆ ಶುರುವಾಯಿತು. ಪಾಠವನ್ನು ಮನೆಬಾಗಿಲಿಗೆ ಒಯ್ಯುವುದು ಮೈಸೂರಿಗೆ ಹೊಸದೇನಲ್ಲ. ಹಳ್ಳಿಗಳಲ್ಲಿ ಪ್ರಚಾರೋಪನ್ಯಾಸ ಮಾಡಿಸಿ ಅವನ್ನು ಅಗ್ಗದ ಕಿರುಪುಸ್ತಕಗಳಾಗಿ ಅಚ್ಚುಹಾಕಿಸಿದ ವಿಶ್ವವಿದ್ಯಾಲಯ ಅದು.

ಈ ಬಗೆಯ ಓದಿಗೆ ಕನ್ನಡ ಕೊಟ್ಟ ಹೆಸರು ಗಮನಿಸುವಂಥದ್ದು: ಅಂಚೆ ಮತ್ತು ತೆರಪಿನ ಶಿಕ್ಷಣ. ತೆರಪು ಎಂದರೆ ಬಿಡುವು, ಎಡೆ, ನಡುವೆ ಉಳಿದ ಜಾಗ. ಇಂಗ್ಲಿಷಿನ ಹೆಸರುಗಳು ಪತ್ರವ್ಯವಹಾರವನ್ನೋ ದೂರವನ್ನೋ ಹೇಳಿದರೆ, ಕನ್ನಡದ ಮಾತು ಓದುವವರ ದಿನಚರಿಯನ್ನು ಹೇಳುತ್ತದೆ. ಕೆಲಸಕ್ಕೂ ಸಂಸಾರಕ್ಕೂ ನಡುವೆ ಸಿಕ್ಕ ಎಡೆಯಲ್ಲಿ ಓದು. ಆನ್‌ಲೈನ್ ಕಾಲದಲ್ಲಿ ದೂರದ ಅರ್ಥ ಸವೆದುಹೋಗಿದೆ, ತೆರಪಿನ ಅರ್ಥ ಹಾಗೇ ಉಳಿದಿದೆ.

ಅಂಚೆ ಪಾಠಕ್ಕೆ ಇದ್ದ ಮುಖ್ಯ ದೂರು ಅದು ಎರಡನೇ ದರ್ಜೆಯದು ಎನ್ನುವುದು. ತರಗತಿಯ ಟಿಪ್ಪಣಿಯನ್ನೇ ಅಚ್ಚುಹಾಕಿ ಕಳಿಸಿದರೆ ದೂರು ಸರಿಯೇ. ಅದನ್ನು ಬದಲಿಸಿದ್ದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ. 1963ರಲ್ಲಿ ಹೆರಾಲ್ಡ್ ವಿಲ್ಸನ್ ಮುಂದಿಟ್ಟ ಈ ಯೋಚನೆಯನ್ನು ಮಂತ್ರಿ ಜೆನ್ನಿ ಲೀ ಹಟ ಹಿಡಿದು ಕೈಗೂಡಿಸಿದರು. 1969ರಲ್ಲಿ ಸನ್ನದು ಸಿಕ್ಕಿತು, 1971ರಲ್ಲಿ 20,000ಕ್ಕೂ ಹೆಚ್ಚು ಜನ ಓದಲು ಶುರುಮಾಡಿದರು. ಪ್ರವೇಶಕ್ಕೆ ಹಿಂದಿನ ಅಂಕಪಟ್ಟಿ ಬೇಕಿರಲಿಲ್ಲ. ಅಲ್ಲಿ ಒಂದು ಪಾಠವನ್ನು ಒಬ್ಬ ಮೇಷ್ಟ್ರು ಬರೆಯುತ್ತಿರಲಿಲ್ಲ. ವಿಷಯ ಬಲ್ಲವರು, ಸಂಪಾದಕರು, ಬಿಬಿಸಿಯವರು ಕೂಡಿ ಬರೆಯುತ್ತಿದ್ದರು. ಎದುರಿಗೆ ಮೇಷ್ಟ್ರಿಲ್ಲ, ಆದ್ದರಿಂದ ಪುಸ್ತಕವೇ ಪ್ರಶ್ನೆ ಕೇಳಬೇಕು, ಎಡವುವ ಜಾಗವನ್ನು ಮೊದಲೇ ಊಹಿಸಬೇಕು. ಇದರ ಫಲ ಅಭಿವೃದ್ಧಿಶಾಸ್ತ್ರಕ್ಕೂ ಸಿಕ್ಕಿತು. ಟಿಮ್ ಆಲೆನ್ ಮತ್ತು ಆಲನ್ ಥಾಮಸ್ ಸಂಪಾದಿಸಿ 1992ರಲ್ಲಿ ಬಂದ ಬಡತನ ಮತ್ತು ಅಭಿವೃದ್ಧಿ ಕುರಿತ ಪುಸ್ತಕ ಈ ದೂರದ ವಿದ್ಯಾರ್ಥಿಗಳಿಗಾಗಿ ಸಿದ್ಧವಾದದ್ದು. ಮುಂದೆ ಮಾಮೂಲಿ ವಿಶ್ವವಿದ್ಯಾಲಯಗಳ ತರಗತಿಗಳೂ ಅದನ್ನೇ ಪಠ್ಯವಾಗಿ ಹಿಡಿದವು.

ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಆಯಿತು. ಅದನ್ನು ಕಟ್ಟಿದ ಜಿ. ರಾಮರೆಡ್ಡಿಯವರೇ 1985ರಲ್ಲಿ ದೆಹಲಿಯ ಇಗ್ನೋದ ಮೊದಲ ಕುಲಪತಿಯಾದರು. ಹೈದರಾಬಾದಿನ ಸಂಸ್ಥೆಗೆ 1991ರಲ್ಲಿ ಅಂಬೇಡ್ಕರರ ಹೆಸರಿಟ್ಟರು. ಸ್ಕಾಲರ್‌ಶಿಪ್ ಮುಗಿದು ಅರ್ಧದಲ್ಲಿ ಮರಳಿದವರ ಹೆಸರು ಅದಕ್ಕೆ ಚೆನ್ನಾಗಿ ಹೊಂದುತ್ತದೆ. 1987ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಕಾಮನ್‌ವೆಲ್ತ್ ನಾಯಕರು ದೂರ ಶಿಕ್ಷಣಕ್ಕೇ ಮೀಸಲಾದ ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಎಂಬ ಸಂಸ್ಥೆಯನ್ನು ಒಪ್ಪಿಕೊಂಡರು. ಮರುವರ್ಷವೇ ವೈ ಕಾಲೇಜಿನ ಅಂಚೆಕಟ್ಟುಗಳು ಹೊರಟವು.

ಈಗ ಆ ಕಟ್ಟುಗಳಿಗೆ ಮರಳಬಹುದು. ಓದುವವನು ಕೆಲಸದಲ್ಲಿದ್ದುಕೊಂಡೇ ಓದಿದರೆ ಪಾಠದ ಸ್ವಭಾವವೇ ಬದಲಾಗುತ್ತದೆ. ಕೃಷಿ ಸಾಲದ ಅಧ್ಯಾಯ ಓದಿದ ಬ್ಯಾಂಕಿನವನ ಮೇಜಿನ ಮೇಲೆ ಮರುದಿನ ಬೆಳಿಗ್ಗೆ ನಿಜವಾದ ಸಾಲದ ಅರ್ಜಿ ಇರುತ್ತದೆ. ಪುಸ್ತಕದ ಸೂತ್ರ ಅವನ ತಾಲ್ಲೂಕಿಗೆ ಹೊಂದದಿದ್ದರೆ ಅದು ಅವನಿಗೆ ಕೂಡಲೇ ಗೊತ್ತಾಗುತ್ತದೆ. ಹೇಗ್‌ನ ಗ್ರಂಥಾಲಯದಲ್ಲಿ ಕೂತವನಿಗೆ ಒಳ್ಳೆಯ ಪುಸ್ತಕಗಳು, ಸಹಪಾಠಿಗಳು, ಸಂಜೆಯ ಚರ್ಚೆಗಳು ಸಿಗುತ್ತವೆ. ಈ ಅಡ್ಡಪರೀಕ್ಷೆ ಸಿಗುವುದಿಲ್ಲ. ಕಳೆದುಕೊಳ್ಳುವುದೂ ಕಡಿಮೆಯಲ್ಲ. ತೆರಪಿನಲ್ಲಿ ಓದುವವರಿಗೆ ಮೊದಲು ಬೀಳುವ ಹೊಡೆತ ತೆರಪಿನ ಮೇಲೆಯೇ. ವರ್ಗಾವಣೆ, ಹೆರಿಗೆ, ವಯಸ್ಸಾದ ತಂದೆತಾಯಿ, ವರ್ಷಾಂತ್ಯದ ಲೆಕ್ಕ, ಯಾವುದು ಬಂದರೂ ಓದು ಹಿಂದೆ ಬೀಳುತ್ತದೆ. ಎಲ್ಲ ದೇಶಗಳಲ್ಲೂ ದೂರ ಶಿಕ್ಷಣದ ದೊಡ್ಡ ತಲೆನೋವು ನಡುವೆ ಬಿಟ್ಟುಹೋಗುವವರದೇ.

ವೈ ಕಾಲೇಜಿಗೆ ಏನಾಯಿತು ಎನ್ನುವುದು ಕುತೂಹಲದ ಸಂಗತಿ. 2000ದಲ್ಲಿ ಅದು ಇಂಪೀರಿಯಲ್ ಕಾಲೇಜಿನಲ್ಲಿ ವಿಲೀನವಾಯಿತು, 2009ರಲ್ಲಿ ಬಾಗಿಲು ಮುಚ್ಚಿತು. ದೂರ ಶಿಕ್ಷಣದ ಕಾರ್ಯಕ್ರಮ ಮಾತ್ರ ಮುಚ್ಚಲಿಲ್ಲ. ಅದು 2007ರಲ್ಲೇ ಲಂಡನ್ನಿನ ಸೋವಾಸ್ ಸಂಸ್ಥೆಗೆ ದಾಟಿಕೊಂಡಿತ್ತು. ಕಟ್ಟಡ, ಹೊಲ, ತರಗತಿಗಳಿದ್ದ ಕಾಲೇಜು ಹೋಯಿತು. ಕಟ್ಟಡವೇ ಇಲ್ಲದ ಪಾಠ ಉಳಿಯಿತು.

ಅಂಚೆಯ ಜಾಗಕ್ಕೆ ಅಂತರ್ಜಾಲ ಬಂದ ಮೇಲೆ ಹಣದ ಲೆಕ್ಕವೂ ಬದಲಾಯಿತು. 2002ರಿಂದ ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳಲ್ಲಿ ದೂರದಿಂದ ಓದುವವರಿಗೂ ಪಾಲು ಸಿಕ್ಕಿತು. 2017ರಲ್ಲಿ ಎಂ.ಐ.ಟಿ.ಯ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಅಭಿವೃದ್ಧಿ ನೀತಿಯ ಸ್ನಾತಕೋತ್ತರ ಪಾಠಗಳನ್ನು ಆನ್‌ಲೈನಿನಲ್ಲಿ ತೆರೆದಿಟ್ಟರು. ಪರೀಕ್ಷಾ ಶುಲ್ಕ ಕಲಿಯುವವರ ಆದಾಯಕ್ಕೆ ತಕ್ಕಂತೆ. ಅದರಲ್ಲಿ ಗೆದ್ದವರಲ್ಲಿ ಆಯ್ದ ಕೆಲವರು ಕೇಂಬ್ರಿಜ್‌ಗೆ ಹೋಗಿ ಉಳಿದ ಓದು ಮುಗಿಸಿ ಪೂರ್ಣ ಪದವಿ ಪಡೆಯಬಹುದು. ಹಿಂದೆ ಎಲ್ಲಿ ಓದಿದಿರಿ ಎನ್ನುವುದಕ್ಕಿಂತ ಈ ಪರೀಕ್ಷೆಯಲ್ಲಿ ಏನು ಬರೆದಿರಿ ಎನ್ನುವುದು ಮುಖ್ಯ. 1858ರ ಸನ್ನದಿನ ತತ್ವವೇ ಇಲ್ಲಿ ಹೊಸ ಬಟ್ಟೆಯಲ್ಲಿದೆ.

ಇಷ್ಟೆಲ್ಲ ಬಾಗಿಲು ತೆರೆದ ಮೇಲೂ ಭಾಷೆಯ ಬಾಗಿಲು ಹಾಗೇ ಇದೆ. ಇಲ್ಲಿ ಹೇಳಿದ ಅಂತರರಾಷ್ಟ್ರೀಯ ಪಾಠಗಳೆಲ್ಲ ಇಂಗ್ಲಿಷಿನವು. ಅಂಗನವಾಡಿ ಮೇಲ್ವಿಚಾರಕಿಗೋ ಪಂಚಾಯಿತಿ ಅಧಿಕಾರಿಗೋ ವೀಸಾ ಈಗ ಬೇಡ, ಇಂಗ್ಲಿಷ್ ಬೇಕು. ಕನ್ನಡದಲ್ಲಿ ಈ ಶಾಸ್ತ್ರಕ್ಕೆ ನೆಲೆಯಿಲ್ಲವೆಂದಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನ ವಿಭಾಗವೇ ಇದೆ, ಟಿ.ಆರ್. ಚಂದ್ರಶೇಖರ ಅವರಂಥವರು ಅಲ್ಲಿಂದ ಕನ್ನಡದಲ್ಲೇ ಬರೆದಿದ್ದಾರೆ. ಬರೆಯಲು ವಿಷಯಕ್ಕೂ ಕೊರತೆಯಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಲೆಕ್ಕ ಹಾಕಿದಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಕಂಡಿತು. ಆ 39 ತಾಲ್ಲೂಕುಗಳಲ್ಲಿ ಕೆಲಸ ಮಾಡುವವರು ವರದಿ ಬರೆಯುವುದು, ಸಭೆ ನಡೆಸುವುದು, ಜನರೊಡನೆ ಜಗಳವಾಡುವುದು ಎಲ್ಲ ಕನ್ನಡದಲ್ಲೇ.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ಗಡಿಯೂ ಅಡ್ಡ ಬಂದದ್ದುಂಟು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ರಾಜ್ಯದ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಗಡಿಯೊಳಗೇ ಇರಬೇಕೆಂಬುದು ಯುಜಿಸಿ ನಿಯಮ. ಗಡಿಯಾಚೆಯ ಕೇಂದ್ರಗಳ ವಿವಾದದಲ್ಲಿ ಈ ವಿಶ್ವವಿದ್ಯಾಲಯ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮತ್ತೆ ಪಡೆಯಿತು. ನಡುವಿನ ವರ್ಷಗಳಲ್ಲಿ ಓದಿದವರು ತಮ್ಮ ಪದವಿಗೆ ಬೆಲೆಯಿದೆಯೇ ಎಂದು ಕಚೇರಿಯಿಂದ ಕಚೇರಿಗೆ ಅಲೆದರು. 2020ರ ನಿಯಮಾವಳಿ ಅನುಮತಿ ಪಡೆದ ಆನ್‌ಲೈನ್ ಕೋರ್ಸುಗಳಿಗೆ ಈ ಗಡಿಯನ್ನು ತೆಗೆದುಹಾಕಿತು. 2022ರಲ್ಲಿ ಯುಜಿಸಿ, ಮಾನ್ಯತೆಯುಳ್ಳ ದೂರ ಮತ್ತು ಆನ್‌ಲೈನ್ ಪದವಿಗಳು ಮಾಮೂಲಿ ಪದವಿಗೆ ಸಮ ಎಂದೂ ಸ್ಪಷ್ಟಪಡಿಸಿತು.

ಅಂದರೆ ಮುಂಬಯಿಯ ಘಾಟ್ಕೋಪರದಲ್ಲೋ ದೆಹಲಿಯ ಆರ್.ಕೆ. ಪುರದಲ್ಲೋ ಕೂತವರಿಗೆ ಕನ್ನಡದಲ್ಲಿ ಅಭಿವೃದ್ಧಿಶಾಸ್ತ್ರದ ಎಂ.ಎ. ಪಾಠ ಕಳಿಸಲು ಈಗ ಕಾನೂನಿನ ಅಡ್ಡಿಯಿಲ್ಲ, ಅಂಚೆಚೀಟಿಯ ಖರ್ಚೂ ಇಲ್ಲ. ಬೇಕಾದದ್ದು ಬ್ರಿಟನ್ನಿನವರು ಐವತ್ತು ವರ್ಷಗಳ ಹಿಂದೆ ಮಾಡಿದ ಕೆಲಸ: ವಿಷಯ ಬಲ್ಲವರು, ಸಂಪಾದಕರು, ಭಾಷೆ ಬಲ್ಲವರು ಒಂದೆಡೆ ಕೂತು, ಎದುರಿಗಿಲ್ಲದ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠ ಬರೆಯುವುದು. ರಾಯಚೂರಿನ ದೇವದುರ್ಗದ ಲೆಕ್ಕವನ್ನು ದೇವದುರ್ಗದವರೇ ಓದಿ, ತಪ್ಪಿದ್ದಲ್ಲಿ ತಿದ್ದಿ, ಪರೀಕ್ಷೆಯಲ್ಲಿ ಬರೆಯುವಂತಾದರೆ, 1858ರಲ್ಲಿ ತೆರೆದ ಬಾಗಿಲು ಅವರ ಮನೆಯವರೆಗೂ ಬಂದಂತಾಗುತ್ತದೆ.