25 ರೂಪಾಯಿಯ ಆದೇಶದಿಂದ ಆಸ್ತಿ ಅಫಿಡವಿಟ್‌ವರೆಗೆ

ಇವತ್ತಿನ ಕಥೆ ತಿಂಗಳಿಗೆ 25 ರೂಪಾಯಿಯದ್ದು. 1979ರ ಆಗಸ್ಟ್‌ನಲ್ಲಿ ಇಂದೋರ್‌ನ ಮ್ಯಾಜಿಸ್ಟ್ರೇಟ್ ಶಾ ಬಾನೊ ಅವರಿಗೆ ಕೊಟ್ಟ ಜೀವನಾಂಶ ಅಷ್ಟೇ. ಮದುವೆಯಾಗಿದ್ದು 1932ರಲ್ಲಿ, ಗಂಡ ಮನೆಯಿಂದ ಹೊರಗೆ ಹಾಕಿದ್ದು 1975ರಲ್ಲಿ. ಆತ ವಕೀಲ. ವರ್ಷಕ್ಕೆ ಸುಮಾರು 60,000 ಸಂಪಾದಿಸ್ತಾರೆ ಅಂತ ಆಕೆಯ ವಾದ. ಬಿ.ಕಾಂ ಓದಿದ್ದಕ್ಕೋ ಏನೋ, ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೇ: ತಿಂಗಳಿಗೆ 5,000 ಆದಾಯ, ಅದರಲ್ಲಿ 25. ನೂರಕ್ಕೆ ಐವತ್ತು ಪೈಸೆ!

ಆಕೆ ಕೇಳಿದ್ದಾದರೂ ಎಷ್ಟು? 500. ಆಗಿನ ಸಿಆರ್‌ಪಿಸಿ 125ನೇ ಕಲಂನಲ್ಲಿ ಅದಕ್ಕಿಂತ ಹೆಚ್ಚು ಕೊಡೋಕೆ ಅವಕಾಶವೇ ಇರಲಿಲ್ಲ. ಹೈಕೋರ್ಟ್ 1980ರಲ್ಲಿ ಅದನ್ನ 179 ರೂಪಾಯಿ 20 ಪೈಸೆಗೆ ಏರಿಸ್ತು. 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟ್ ಗಂಡನ ಮೇಲ್ಮನವಿ ವಜಾ ಮಾಡ್ತು. ಆಮೇಲಿನ ರಾಜಕೀಯ ಇವತ್ತು ಬೇಡ. 500ರ ಮಿತಿ ಹೋಗೋಕೆ 2001 ಬರಬೇಕಾಯ್ತು.

ಈ ನಡುವೆ, 1984ರಲ್ಲಿ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. ಅದರ 13ನೇ ಕಲಂ ಪ್ರಕಾರ, ಇಲ್ಲಿ ವಕೀಲರನ್ನ ಇಟ್ಟುಕೊಳ್ಳೋದು ಯಾರ ಹಕ್ಕೂ ಅಲ್ಲ. ಅನುಮತಿ ಪಡೆದು ವಕೀಲರು ಬರ್ತಾರೆ, ಅದು ಬೇರೆ ಮಾತು. ಆದ್ರೆ ನೀವೇ ನಿಂತು ವಾದ ಮಾಡೋದು ಇಲ್ಲಿ ವಿಚಿತ್ರ ಅಲ್ಲ, ಕಾನೂನೇ ಅದನ್ನ ಮನಸ್ಸಲ್ಲಿಟ್ಟುಕೊಂಡಿದೆ. (ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವಿನ ಹಕ್ಕಿದೆ, 1987ರ ಕಾಯ್ದೆ.) ನನ್ನ ತಕರಾರು ಒಂದೇ: ಒಬ್ಬರೇ ನಿಲ್ಲಿ ಅಂದ್ರು, ಎದುರಿನವರ ಲೆಕ್ಕ ನೋಡೋ ದಾರಿ ಕೊಡಲಿಲ್ಲ.

ಆ ದಾರಿ ಸಿಕ್ಕಿದ್ದು 2020ರ ನವೆಂಬರ್ 4ರಂದು, ರಜನೀಶ್ ವರ್ಸಸ್ ನೇಹಾ ತೀರ್ಪಿನಲ್ಲಿ. ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಹಾಕಬೇಕು: ಸಂಬಳ, ಬ್ಯಾಂಕ್ ಖಾತೆ, ಹೂಡಿಕೆ, ಸಾಲ, ಖರ್ಚು, ಎಲ್ಲಾ. ಒಂಥರಾ ಸಂಸಾರದ ಬ್ಯಾಲೆನ್ಸ್ ಶೀಟು. ಇನ್ನೊಂದು ಮಾತನ್ನೂ ಕೋರ್ಟ್ ಹೇಳ್ತು: ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು.

ಅದಕ್ಕೇ ಆದೇಶ ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ತಾರೀಖು ಹುಡುಕಿ. ತಿಂಗಳಿಗೆ 10,000 ಅಂತಿಟ್ಟುಕೊಳ್ಳಿ, ಆದೇಶ ಬರೋಕೆ ಎರಡು ವರ್ಷ ಹಿಡೀತು. 'ಅರ್ಜಿಯ ದಿನಾಂಕದಿಂದ' ಅಂತಿದ್ರೆ 2,40,000 ಬಾಕಿ ಬರಬೇಕು. 'ಆದೇಶದ ದಿನಾಂಕದಿಂದ' ಅಂತಿದ್ರೆ ಆ ಎರಡು ವರ್ಷಕ್ಕೆ ಸೊನ್ನೆ. ಆಮೇಲೆ ಅದು ಮಧ್ಯಂತರವೋ ಅಂತಿಮವೋ, ಬೇರೆ ಕೇಸಲ್ಲಿ ಸಿಕ್ಕಿರೋ ಹಣ ಇದರಲ್ಲಿ ಕಳೀತಾರೋ, ನೋಡಿ.

2024ರ ಜುಲೈ 1ರಿಂದ 125ನೇ ಕಲಂ ಜಾಗಕ್ಕೆ ಬಿಎನ್‌ಎಸ್‌ಎಸ್ 144 ಬಂದಿದೆ. ಹಳೇ ಗಡುವು ಮಾತ್ರ ಹಾಗೇ ಉಳಿದಿದೆ: ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕದಿದ್ರೆ ಆ ಬಾಕಿಗೆ ವಾರಂಟ್ ಹೊರಡಲ್ಲ. 'ಮುಂದಿನ ತಿಂಗಳು ಕೊಡ್ತೀನಿ' ಅಂತ ಎದುರು ಪಾರ್ಟಿ ಹದಿಮೂರು ತಿಂಗಳು ಎಳೆದ್ರೆ, ಮೊದಲ ತಿಂಗಳ ಹಣಕ್ಕೆ ಈ ದಾರಿ ಅಷ್ಟೊತ್ತಿಗೆ ಮುಚ್ಚಿರುತ್ತೆ.