ಅನ್ಯರ ಜಮೀನಿಗೆ ನುಗ್ಗಿದ ಜಾನುವಾರುಗಳು: ಮಾಲೀಕರ ಹೊಣೆ ಹಾಗೂ ಸಾಗುವಳಿದಾರರ ಹಕ್ಕು

ಮೇಯಲು ಬಿಟ್ಟ ಅಥವಾ ಹಗ್ಗ ಕಿತ್ತುಕೊಂಡ ಜಾನುವಾರುಗಳು ನೆರೆಯವರ ಹೊಲ, ಗದ್ದೆ, ತೋಟಗಳಿಗೆ ನುಗ್ಗಿ ಬೆಳೆ ಹಾನಿ ಮಾಡಿದಾಗ ಅನುಸರಿಸಬೇಕಾದ ಕ್ರಮವನ್ನು ಕಾನೂನು ಗೊತ್ತುಪಡಿಸಿದೆ. ಸಾರ್ವಜನಿಕರ ಅನುಕೂಲಕ್ಕಾಗಿ ಮುಖ್ಯಾಂಶಗಳನ್ನು ಇಲ್ಲಿ ನೀಡಲಾಗಿದೆ.

1. ಅನ್ವಯಿಸುವ ಕಾನೂನು

ಈ ವಿಷಯದ ಮೂಲ ಕಾನೂನು ಕೇಂದ್ರದ 1871ರ ಜಾನುವಾರು ಅತಿಕ್ರಮ ಪ್ರವೇಶ ಅಧಿನಿಯಮ. ಕರ್ನಾಟಕಕ್ಕೆ 1966ರ ಪ್ರತ್ಯೇಕ ಅಧಿನಿಯಮವಿದೆ. ಕೆಳಗೆ ವಿವರಿಸಿರುವ ದೊಡ್ಡಿಯ ಕ್ರಮ ಹಾಗೂ ಅವಧಿಗಳು ಕೇಂದ್ರ ಅಧಿನಿಯಮದವು. ರಾಜ್ಯದ ನಿಯಮಗಳನ್ನೂ ದಂಡದ ದರವನ್ನೂ ಸ್ಥಳೀಯ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

ದನ, ಎಮ್ಮೆಗಳಲ್ಲದೆ ಕುದುರೆ, ಕತ್ತೆ, ಹಂದಿ, ಕುರಿ, ಮೇಕೆ, ಒಂಟೆ, ಆನೆಗಳೂ ಕೇಂದ್ರ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ನಾಯಿ ಹಾಗೂ ಕೋಳಿಗಳು ಇದರಲ್ಲಿ ಸೇರಿಲ್ಲ.

2. ಜಾನುವಾರುಗಳನ್ನು ಹಿಡಿಯುವ ಅಧಿಕಾರ

ಜಮೀನಿನ ಸಾಗುವಳಿದಾರರು ಅಥವಾ ಅನುಭೋಗದಾರರು, ಸಾಗುವಳಿಗೆ ಮುಂಗಡ ಹಣ ನೀಡಿದವರು ಹಾಗೂ ಬೆಳೆಯನ್ನು ಖರೀದಿಸಿದವರು ಜಮೀನಿಗೆ ನುಗ್ಗಿ ಹಾನಿ ಮಾಡುತ್ತಿರುವ ಜಾನುವಾರುಗಳನ್ನು ಹಿಡಿಯಬಹುದು. ಹಾಗೆ ಹಿಡಿದ ಜಾನುವಾರುಗಳನ್ನು 24 ಗಂಟೆಗಳೊಳಗೆ ಸಮೀಪದ ದನದ ದೊಡ್ಡಿಗೆ ಕಳುಹಿಸತಕ್ಕದ್ದು. ಅವಶ್ಯವಿದ್ದಲ್ಲಿ ಪೊಲೀಸರ ನೆರವು ಪಡೆಯಬಹುದು. ಜಾನುವಾರುಗಳನ್ನು ಮನೆಯಲ್ಲಿ ಕಟ್ಟಿಹಾಕಿಕೊಂಡು ಬಿಡುಗಡೆಗೆ ಹಣ ಕೇಳಲು ಅವಕಾಶವಿಲ್ಲ.

3. ದೊಡ್ಡಿಯಿಂದ ಬಿಡಿಸಿಕೊಳ್ಳುವ ಕ್ರಮ

ಮಾಲೀಕರು ನಿಗದಿತ ದಂಡವನ್ನೂ ಮೇವು ನೀರಿನ ವೆಚ್ಚವನ್ನೂ ಪಾವತಿಸಿ ಜಾನುವಾರುಗಳನ್ನು ಬಿಡಿಸಿಕೊಳ್ಳಬಹುದು. 7 ದಿನಗಳೊಳಗೆ ಯಾರೂ ಬಾರದಿದ್ದಲ್ಲಿ ದೊಡ್ಡಿಯ ಪಾಲಕರು ಪೊಲೀಸ್ ಠಾಣೆಗೆ ವರದಿ ಮಾಡುತ್ತಾರೆ ಮತ್ತು ಪ್ರಕಟಣೆ ಹೊರಡಿಸಲಾಗುತ್ತದೆ. ಪ್ರಕಟಣೆಯಿಂದ 7 ದಿನ ಕಳೆದರೂ ಬಾರದಿದ್ದಲ್ಲಿ ಜಾನುವಾರುಗಳನ್ನು ಬಹಿರಂಗ ಹರಾಜು ಮಾಡಲಾಗುತ್ತದೆ. ದಂಡ, ವೆಚ್ಚ ಕಳೆದು ಉಳಿದ ಹಣ ಮಾಲೀಕರಿಗೆ ಸಲ್ಲತಕ್ಕದ್ದು. ಯಾರೂ ಬಾರದಿದ್ದಲ್ಲಿ ಅದನ್ನು 3 ತಿಂಗಳು ಠೇವಣಿಯಲ್ಲಿ ಇರಿಸಲಾಗುತ್ತದೆ.

ಜಾನುವಾರುಗಳನ್ನು ಅಕ್ರಮವಾಗಿ ಹಿಡಿಯಲಾಗಿದೆ ಎಂದು ಭಾವಿಸುವ ಮಾಲೀಕರು, ಹಿಡಿದ ದಿನದಿಂದ 10 ದಿನಗಳೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಸಲ್ಲಿಸಬಹುದು. ದೊಡ್ಡಿಗೆ ಸಾಗಿಸುವಾಗ ಬಲಾತ್ಕಾರದಿಂದ ಬಿಡಿಸಿಕೊಂಡು ಹೋಗುವುದನ್ನು ಕಾನೂನು ನಿಷೇಧಿಸಿದೆ.

4. ಬೆಳೆ ಹಾನಿಗೆ ಪರಿಹಾರ

ದೊಡ್ಡಿಯಲ್ಲಿ ಪಾವತಿಸಿದ ದಂಡವು ಬೆಳೆ ಕಳೆದುಕೊಂಡ ರೈತರಿಗೆ ಸಲ್ಲುವ ಪರಿಹಾರವಲ್ಲ. ದಂಡ ಪಾವತಿಯಾದ ಮಾತ್ರಕ್ಕೆ ಮಾಲೀಕರ ಹೊಣೆ ತೀರುವುದಿಲ್ಲ. ಹಾನಿಗೊಳಗಾದವರು ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರಕ್ಕಾಗಿ ದಾವೆ ಹೂಡಬಹುದು. 1963ರ ಕಾಲಮಿತಿ ಅಧಿನಿಯಮದಂತೆ ಸ್ಥಿರಾಸ್ತಿಯ ಅತಿಕ್ರಮ ಪ್ರವೇಶಕ್ಕೆ ಪರಿಹಾರ ಕೋರುವ ದಾವೆಯ ಅವಧಿ 3 ವರ್ಷ.

ಹಾನಿಯಾದ ಕೂಡಲೇ ಛಾಯಾಚಿತ್ರ ತೆಗೆದುಕೊಂಡು, ಅಕ್ಕಪಕ್ಕದ ಜಮೀನಿನವರ ಸಮಕ್ಷಮ ಹಾನಿಯ ವಿಸ್ತೀರ್ಣವನ್ನು ಬರೆದಿಟ್ಟು, ಸಹಿ ಪಡೆದು, ಪಹಣಿಯೊಂದಿಗೆ ಇಟ್ಟುಕೊಳ್ಳುವುದು ಸೂಕ್ತ. ಮೇಯ್ದ ಪೈರು ಮತ್ತೆ ಚಿಗುರಿದ ನಂತರ ಹಾನಿಯನ್ನು ರುಜುವಾತುಪಡಿಸುವುದು ಕಷ್ಟ.

5. ಕ್ರಿಮಿನಲ್ ಹೊಣೆ

ಬೆಳೆಗೆ ಹಾನಿಯಾಗಲೆಂದೇ ದನಗಳನ್ನು ಅನ್ಯರ ಹೊಲಕ್ಕೆ ಹೊಡೆಯುವುದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಪ್ರಕರಣದಡಿ ಅಪರಾಧ. ಹಾಗೆಯೇ, ಬೆಳೆ ಮೇಯ್ದವೆಂಬ ಸಿಟ್ಟಿನಿಂದ ಜಾನುವಾರುಗಳಿಗೆ ವಿಷವಿಕ್ಕುವುದು, ಕೊಲ್ಲುವುದು ಅಥವಾ ಅಂಗಹೀನಗೊಳಿಸುವುದು 325ನೇ ಪ್ರಕರಣದಡಿ 5 ವರ್ಷಗಳವರೆಗಿನ ಕಾರಾವಾಸ, ದಂಡ ಅಥವಾ ಎರಡಕ್ಕೂ ಗುರಿಪಡಿಸುವ ಅಪರಾಧ. ಹಾನಿ ಅನುಭವಿಸಿದ ರೈತರೇ ಇದರಿಂದ ಆರೋಪಿಗಳಾಗುವ ಸಂಭವವಿರುತ್ತದೆ.

6. ರಾಜಿ ಹಾಗೂ ಉಚಿತ ಕಾನೂನು ನೆರವು

ದಾವೆ ಹೂಡುವ ಮುನ್ನವೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ವ್ಯಾಜ್ಯವನ್ನು ಲೋಕ ಅದಾಲತ್ತಿನಲ್ಲಿ ಇತ್ಯರ್ಥಪಡಿಸಿಕೊಳ್ಳಬಹುದು. ಅಲ್ಲಿನ ರಾಜಿ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನವಾಗಿದ್ದು, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅರ್ಜಿಯನ್ನು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಸಮಿತಿಯ ಕಚೇರಿಯಲ್ಲಿ ಸಲ್ಲಿಸಬಹುದು.