ಹಳೇ ಮನೆ ಮಾರ್ಬಲ್ ನೆಲಕ್ಕೆ ಆಸಿಡ್ ಹಾಕ್ಬೇಡಿ

ಹಬ್ಬ ಬಂತು ಅಂದ್ರೆ ಆಸಿಡ್ ಬಾಟಲಿ ತಂದು ನೆಲಕ್ಕೆ ಸುರಿಯೋರು ಇನ್ನೂ ಇದ್ದಾರೆ. ಮಾರ್ಬಲ್ ಸುಣ್ಣಕಲ್ಲಿನ ಜಾತಿ. ಆಸಿಡ್ ಬಿದ್ದ ಕೂಡಲೇ ನೊರೆ ಬಂದು ಮೇಲ್ಮೈ ಕರಗುತ್ತದೆ. ನಿಂಬೆರಸ, ಹುಣಸೆಹುಳಿ ಚೆಲ್ಲಿದ್ರೂ ಮಂಕು ಕಲೆ ಕೂರುತ್ತೆ. ಹಳೇ ಮೊಸಾಯಿಕ್‌ನಲ್ಲೂ ಮಾರ್ಬಲ್ ಚೂರುಗಳೇ ಇರೋದ್ರಿಂದ ಅದಕ್ಕೂ ಇದೇ ಗತಿ. ನಮ್ಮನೆ ಪಡಸಾಲೆ ಕೆಡಿಸಿದ್ದು ನಾನೇ.

ಇಂಥ ಕಲೆ ಒರೆಸಿದ್ರೆ ಹೋಗಲ್ಲ, ಮಷಿನ್‌ನಲ್ಲಿ ಉಜ್ಜಿಸಲೇಬೇಕು. ಪಾಲಿಶ್‌ನವರು ಬಿರುಕು ತುಂಬಿ, ನೀರು ಬಿಡುತ್ತಾ ಒರಟು ಕಲ್ಲಿನಿಂದ ನಯವಾದ ಕಲ್ಲಿಗೆ ಬರುತ್ತಾರೆ. ನಂಬರ್ ಹೆಚ್ಚಿದಷ್ಟೂ ಕಲ್ಲು ನಯ. ನಡುವಿನ ನಂಬರ್ ಹಾರಿಸಿ ಮೇಣ ಹಚ್ಚಿ ಹೊಳಪು ತೋರಿಸಿದ್ರೆ ಮೋಸ ಹೋಗಬೇಡಿ. ಮೇಣ ಸವೆದ ಮೇಲೆ ಗೆರೆ ಎದ್ದು ಕಾಣುತ್ತೆ. ಮೊದಲು ಒಂದು ಮೂಲೆ ಮಾಡಿಸಿ ನೋಡಿ, ಆಮೇಲೆ ರೇಟ್ ಮಾತಾಡಿ. ಉಜ್ಜಿದ ಕೆಸರು ಬಚ್ಚಲಿಗೆ ಬಿಡಬೇಡಿ, ಪೈಪಲ್ಲಿ ಗಟ್ಟಿಯಾಗಿ ಕೂತ್ಕೊಳ್ಳುತ್ತೆ.